ಮೋಟಾರ್‌ಹೋಮ್ ಹಿಂದೆ ಜೀಪು ಕಟ್ಟುವ ಮುನ್ನ ಟೇಪು ಹಿಡಿಯಿರಿ

ಅಮೆರಿಕದಲ್ಲಿರುವ ಮಕ್ಕಳು ರಜೆಯಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡು ಮೋಟಾರ್‌ಹೋಮ್‌ನಲ್ಲಿ ಸುತ್ತಾಡಿಸುವುದು ಬೆಳಗಾವಿಯ ಬಡಾವಣೆಗಳಲ್ಲಿ ಈಗ ಹೊಸ ಸುದ್ದಿಯೇನಲ್ಲ. ಒಲೆ, ಹಾಸಿಗೆ, ಶೌಚಾಲಯ ಎಲ್ಲವೂ ಗಾಡಿಯೊಳಗೇ ಇರುತ್ತವೆ. ಹಿಂದೆ ಒಂದು ಜೀಪನ್ನೋ ಕಾರನ್ನೋ ಕಟ್ಟಿಕೊಂಡಿರುತ್ತಾರೆ. ಬಿಡಾರ ಹೂಡಿದ ಮೇಲೆ ದೊಡ್ಡದನ್ನು ಅಲ್ಲೇ ನಿಲ್ಲಿಸಿ, ಚಿಕ್ಕದರಲ್ಲಿ ಊರು ನೋಡಬಹುದು. ಹೋಗಿ ಬಂದವರು ಬೆಟ್ಟ, ಜಲಪಾತ, ಕರಡಿಗಳ ಫೋಟೊ ತೋರಿಸುತ್ತಾರೆ. ಎರಡೂ ಸೇರಿ ಎಷ್ಟು ಉದ್ದವಿತ್ತು ಎಂದು ಕೇಳಿದರೆ ಮಾತ್ರ "ಬಹಳ ಉದ್ದ" ಎನ್ನುತ್ತಾರೆ. ಟ್ರೇಲರ್ ಕಟ್ಟಿಯೇ ಹೊಟ್ಟೆ ಹೊರೆದ ನನ್ನಂಥವನಿಗೆ ಅದು ಉತ್ತರವೇ ಅಲ್ಲ.

ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಕಬ್ಬು ಸಾಗಿಸುವ ಟ್ರೇಲರ್‌ಗಳ ಚಾಸಿಗೆ ಬೆಸುಗೆ ಹಾಕಿಸುವುದು, ಡ್ರಾಬಾರ್ ಕೂರಿಸುವುದು ನನ್ನ ಕೆಲಸವಾಗಿತ್ತು. ಆ ಕಾಲದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮ ಟ್ರ್ಯಾಕ್ಟರ್ ಮತ್ತು ಟ್ರೇಲರ್ ಸೇರಿದ ಉದ್ದಕ್ಕೆ 18 ಮೀಟರ್ ಎಂದು ಗೆರೆ ಎಳೆದಿತ್ತು. ಚಿಕ್ಕೋಡಿ, ಅಥಣಿ, ಗೋಕಾಕದ ರಸ್ತೆಗಳಲ್ಲಿ ಹಂಗಾಮಿನ ರಾತ್ರಿ ಜೋಡಿ ಟ್ರೇಲರಿನ ಹಿಂದೆ ಸಿಕ್ಕಿಹಾಕಿಕೊಂಡವರಿಗೆ ಆ ಗೆರೆ ಯಾಕೆ ಬೇಕು ಎಂದು ಬಿಡಿಸಿ ಹೇಳಬೇಕಿಲ್ಲ. ಮುಂದಿನದು ತಿರುವು ದಾಟಿದರೂ ಹಿಂದಿನದು ಇನ್ನೂ ನಮ್ಮ ದಾರಿಗೆ ಅಡ್ಡವಾಗಿಯೇ ಇರುತ್ತದೆ. ಮೋಟಾರ್‌ಹೋಮ್ ಮತ್ತು ಜೀಪಿನ ಲೆಕ್ಕವೂ ಇದೇ. ವ್ಯತ್ಯಾಸವೆಂದರೆ ಅಲ್ಲಿ ಗೆರೆ ರಾಜ್ಯಕ್ಕೊಂದು, ಕೆಲವು ಕಡೆ ರಸ್ತೆಗೊಂದು.

ಮಗಳು ಮತ್ತು ಅಳಿಯ ಸ್ಯಾಕ್ರಮೆಂಟೊದಲ್ಲಿ ಇದ್ದಾರೆ. ಗಾಡಿ ಅವರ ಸ್ವಂತದ್ದು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಬಾಡಿಗೆಗೆ ಕೊಡುವವರಲ್ಲಿ ಬಹಳ ಮಂದಿ ತಮ್ಮ ಗಾಡಿಯ ಹಿಂದೆ ಏನನ್ನೂ ಕಟ್ಟಲು ಬಿಡುವುದಿಲ್ಲ. ನಿಮ್ಮ ಮಕ್ಕಳು ಬಾಡಿಗೆ ಗಾಡಿ ತೆಗೆದುಕೊಳ್ಳುವವರಾದರೆ ಕರಾರುಪತ್ರದಲ್ಲಿ ಈ ಒಂದು ವಾಕ್ಯವನ್ನು ಹುಡುಕಿ ಓದಲಿ. ಕಟ್ಟುವಂತಿಲ್ಲ ಎಂದಿದ್ದರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು.

ಈಗ ಅಂಕಿಗಳು. ಕ್ಯಾಲಿಫೋರ್ನಿಯಾದಲ್ಲಿ ಒಂಟಿ ವಾಹನಕ್ಕೆ 40 ಅಡಿ ಸಾಮಾನ್ಯ ಮಿತಿ. ಮೋಟಾರ್‌ಹೋಮ್‌ಗೆ 45 ಅಡಿಯವರೆಗೆ ರಿಯಾಯಿತಿ ಇದೆ, ಆದರೆ 40 ದಾಟಿದ ಗಾಡಿ ಗೊತ್ತುಪಡಿಸಿದ ಹೆದ್ದಾರಿಗಳಲ್ಲಿ ಮಾತ್ರ ಓಡಬೇಕು; ಕಂಡ ಕಂಡ ಹಳ್ಳಿಯ ರಸ್ತೆಗೆ ಇಳಿಯುವಂತಿಲ್ಲ. ಹಿಂದೆ ಕಟ್ಟಿದ ವಾಹನವೂ ಸೇರಿದರೆ ಒಟ್ಟು 65 ಅಡಿ, ಅಂದರೆ 19.8 ಮೀಟರ್. ಪಕ್ಕದ ಅರಿಜೋನಾದಲ್ಲಿಯೂ 65. ನೆವಾಡಾದಲ್ಲಿ 70. ಲಾಸ್ ವೇಗಾಸ್‌ನಲ್ಲಿ ಯಾರ ತಕರಾರೂ ಇಲ್ಲದೆ ನಿಂತಿದ್ದ 68 ಅಡಿಯ ಜೋಡಿ ಕ್ಯಾಲಿಫೋರ್ನಿಯಾದ ಗಡಿ ದಾಟಿದ ಕ್ಷಣ ಕಾನೂನಿಗೆ ಹೊರಗು. ಆದ್ದರಿಂದ ಹೊರಡುವ ಊರಿನ ಮಿತಿಯನ್ನು ನೋಡಿದರೆ ಸಾಲದು. ದಾರಿಯಲ್ಲಿ ಬರುವ ರಾಜ್ಯಗಳಲ್ಲಿ ಎಲ್ಲಿ ಮಿತಿ ಅತ್ಯಂತ ಕಡಿಮೆಯೋ ಅದನ್ನೇ ನಿಮ್ಮ ಮಿತಿ ಎಂದುಕೊಳ್ಳಿ.

ಅಳೆಯುವ ಕೆಲಸಕ್ಕೆ ಬರೋಣ. ನನಗೆ ಇಷ್ಟವಾದ ಭಾಗ ಇದು. ಗಾಡಿಯ ಹೆಸರಿನಲ್ಲಿರುವ ಸಂಖ್ಯೆಯನ್ನು ನಂಬಬೇಡಿ. ಮಾರುವವರು 34 ಎಂದು ಬರೆದ ಮಾತ್ರಕ್ಕೆ ಗಾಡಿ 34 ಅಡಿ ಇರುತ್ತದೆ ಎಂದಲ್ಲ. ಮುಂದಿನ ಬಂಪರ್, ಹಿಂದಿನ ಏಣಿ, ಹಿಚ್ (ಎಳೆಯುವ ಕೊಂಡಿ) ಕೂರುವ ಚೌಕ ಕೊಳವೆ ಇವೆಲ್ಲ ಆ ಸಂಖ್ಯೆಗೆ ಹೊರಗಿನವು. ಅಳಿಯನ ಗಾಡಿಯ ಹೆಸರಿನಲ್ಲಿ 34 ಇದೆ, ಟೇಪಿನಲ್ಲಿ ಬಂದದ್ದು 35 ಅಡಿ 8 ಇಂಚು.

ಎರಡನ್ನೂ ಬೇರೆ ಬೇರೆ ಅಳೆದು ಕೂಡಿಸುವುದೂ ಸರಿಯಲ್ಲ. ಕಟ್ಟಿದ ಮೇಲೆಯೇ ಅಳೆಯಬೇಕು. ಸಮತಟ್ಟಾದ ಖಾಲಿ ಜಾಗದಲ್ಲಿ ಜೀಪನ್ನು ಕಟ್ಟಿ, ದೊಡ್ಡ ಗಾಡಿಯನ್ನು ನೇರವಾಗಿ ಹತ್ತಿಪ್ಪತ್ತು ಅಡಿ ಮುಂದಕ್ಕೆ ಎಳೆದು ನಿಲ್ಲಿಸಿ. ಯಾಕೆಂದರೆ ಈಗಿನ ಟೋ ಬಾರಿನ, ಅಂದರೆ ಗಾಡಿಗೂ ಜೀಪಿಗೂ ನಡುವೆ ಕೂರುವ ಎಳೆದಂಡದ, ಎರಡು ತೋಳುಗಳು ಕೊಳವೆಯೊಳಗೆ ಕೊಳವೆ ಜಾರುವಂಥವು. ಕಟ್ಟುವಾಗ ಅನುಕೂಲವಾಗಲೆಂದು ಅವು ಗಿಡ್ಡವಾಗಿರುತ್ತವೆ, ಎಳೆದಾಗ ಪೂರ್ತಿ ಚಾಚಿ ಲಾಕ್ ಆಗುತ್ತವೆ. ರಸ್ತೆಯಲ್ಲಿ ಇರುವ ಉದ್ದ ಆ ಚಾಚಿದ ಉದ್ದ. ನಂತರ ದಾರಕ್ಕೆ ತೂಕದ ಗುಂಡು ಕಟ್ಟಿ ಮುಂದಿನ ತುತ್ತತುದಿಯಿಂದ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಹಿಂದಿನ ತುತ್ತತುದಿಯಿಂದಲೂ ಹಾಗೆಯೇ ಮಾಡಿ. ಗುರುತಿನಿಂದ ಗುರುತಿಗೆ ನೂರಡಿಯ ಟೇಪು ಎಳೆಯಿರಿ. ಗಾಡಿಯ ಮೈಮೇಲೆ ಟೇಪು ಹಾಯಿಸಿದರೆ ಜೋತು ಬಿದ್ದು ಸುಳ್ಳು ಹೇಳುತ್ತದೆ.

ನಮ್ಮ ಲೆಕ್ಕ ಹೀಗೆ ಬಂತು. ಮೋಟಾರ್‌ಹೋಮ್ 35 ಅಡಿ 8 ಇಂಚು. ಅದರ ಹಿಂಭಾಗದಿಂದ ಜೀಪಿನ ಮೂತಿಯವರೆಗೆ 4 ಅಡಿ 1 ಇಂಚು. ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ 15 ಅಡಿ 8 ಇಂಚು. ಒಟ್ಟು 55 ಅಡಿ 5 ಇಂಚು. ಮೊಮ್ಮಕ್ಕಳ ಸೈಕಲ್‌ಗಳಿಗೆಂದು ಜೀಪಿನ ಬೆನ್ನಿಗೆ ತಗುಲಿಸಿದ ಕಬ್ಬಿಣದ ಚೌಕಟ್ಟು 3 ಅಡಿ 1 ಇಂಚು. ಅದೂ ಸೇರಿ 58 ಅಡಿ 6 ಇಂಚು. ಸೈಕಲ್ ಚೌಕಟ್ಟನ್ನು ಲೆಕ್ಕಕ್ಕೆ ಸೇರಿಸಬೇಕೇ ಎಂದು ಅಳಿಯ ಕೇಳಿದ. ತಿರುವಿನಲ್ಲಿ ಕಂಬಕ್ಕೆ ಬಡಿಯುವುದು ಅದೇ ಆದರೆ ಲೆಕ್ಕಕ್ಕೂ ಅದು ಸೇರಲೇಬೇಕು ಎಂದೆ. "ಮಾವ, ನಿಮ್ಮ ಕೈಗೆ ಟೇಪು ಕೊಡಬಾರದಿತ್ತು" ಎಂದು ನಕ್ಕ. 65ರೊಳಗೆ ಆರೂವರೆ ಅಡಿ ಉಳಿಯಿತಲ್ಲ, ನಗಲಿ.

ಇದೇ ಜೀಪನ್ನು 45 ಅಡಿಯ ಮೋಟಾರ್‌ಹೋಮ್‌ಗೆ ಕಟ್ಟಿ ನೋಡಿ. ಸೈಕಲ್ ಇಲ್ಲದೆಯೇ 64 ಅಡಿ 9 ಇಂಚು ಆಗುತ್ತದೆ. ಮೂರೇ ಇಂಚು ಬಾಕಿ. ಹಿಚ್ಚಿನ ಎತ್ತರ ಜೀಪಿನ ಕೊಂಡಿಗಿಂತ ಬಹಳ ಮೇಲಿದ್ದರೆ ಟೋ ಬಾರನ್ನು ಮಟ್ಟಕ್ಕೆ ತರಲು ನಡುವೆ ಒಂದು ಇಳಿಜೋಡಣೆ ಹಾಕಬೇಕಾಗುತ್ತದೆ, ಅದು ಆ ಮೂರು ಇಂಚನ್ನೂ ನುಂಗಿಬಿಡುತ್ತದೆ. ದೊಡ್ಡ ಗಾಡಿಯ ಆಸೆಯಿರುವವರು ಎರಡು ಬಾಗಿಲಿನ ರ‍್ಯಾಂಗ್ಲರ್ ಹುಡುಕಲಿ. ಅದು ಸುಮಾರು 14 ಅಡಿ.

ಎಲ್ಲ ಕಾರುಗಳನ್ನೂ ನಾಲ್ಕು ಚಕ್ರ ನೆಲದ ಮೇಲಿಟ್ಟು ಎಳೆಯಲು ಬರುವುದಿಲ್ಲ, ಗೇರ್ ಪೆಟ್ಟಿಗೆಗೆ ಎಣ್ಣೆ ಸಿಗದೆ ಸುಟ್ಟುಹೋಗುತ್ತದೆ. ರ‍್ಯಾಂಗ್ಲರ್ ಜನಪ್ರಿಯವಾದದ್ದು ಇಂಜಿನ್ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಅದರ ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ಹಾಕಿ ಚಕ್ರಗಳನ್ನು ಇಂಜಿನ್ ಕಡೆಯಿಂದ ಪೂರ್ತಿ ಬಿಡಿಸಬಹುದು ಎಂಬ ಕಾರಣಕ್ಕೆ. ಕಾರಿನ ಕೈಪಿಡಿಯಲ್ಲಿ ಎಳೆಯಬಹುದು ಎಂದು ಬರೆದಿಲ್ಲವಾದರೆ ಕಾರನ್ನು ಟ್ರೇಲರಿನ ಮೇಲೆ ಹತ್ತಿಸಬೇಕು. ಆಗ ಟ್ರೇಲರಿನ ಮೂತಿಯ ಉದ್ದವೂ ಸೇರಿ ಒಟ್ಟು ಲೆಕ್ಕ ಮತ್ತೆ ಬೆಳೆಯುತ್ತದೆ.

ರಾಜ್ಯದ ಮಿತಿಯೊಳಗೆ ಇದ್ದೇವೆ ಎಂದು ನಿಶ್ಚಿಂತರಾಗುವವರು ಎಡವುವುದು ರಾಷ್ಟ್ರೀಯ ಉದ್ಯಾನಗಳಲ್ಲಿ. ಎಲ್ಲರೂ ನೋಡಲು ಹೋಗುವುದೂ ಅಲ್ಲಿಗೇ. ಮೊಂಟಾನಾದ ಗ್ಲೇಷಿಯರ್ ಉದ್ಯಾನದ 'ಗೋಯಿಂಗ್ ಟು ದಿ ಸನ್' ರಸ್ತೆಯಲ್ಲಿ ಅವಲಾಂಚ್ ಮತ್ತು ರೈಸಿಂಗ್ ಸನ್ ನಡುವಿನ ಭಾಗಕ್ಕೆ 21 ಅಡಿಗಿಂತ ಉದ್ದದ, ಕನ್ನಡಿಗಳೂ ಸೇರಿ 8 ಅಡಿಗಿಂತ ಅಗಲದ ವಾಹನ ಬಿಡುವುದೇ ಇಲ್ಲ. 65 ಎಲ್ಲಿ, 21 ಎಲ್ಲಿ! ಕ್ಯಾಲಿಫೋರ್ನಿಯಾದ ಸಿಕೋಯಾ ಉದ್ಯಾನದಲ್ಲಿ ಜನರಲ್ಸ್ ಹೆದ್ದಾರಿ ಪಾಟ್‌ವಿಶಾದಿಂದ ಮೇಲಕ್ಕೆ ಏರುವಾಗ 22 ಅಡಿಗಿಂತ ಉದ್ದದ ವಾಹನ ತರಬೇಡಿ ಎನ್ನುತ್ತಾರೆ. ಚೋರ್ಲಾ ಘಾಟಿನಲ್ಲಿ ಎದುರಿನಿಂದ ಲಾರಿ ಬಂದಾಗ ಉಸಿರು ಬಿಗಿಹಿಡಿದು ಕುಳಿತವರು ಈ ಮಾತನ್ನು ಸಲಹೆ ಎಂದುಕೊಳ್ಳದೆ ಆಜ್ಞೆ ಎಂದೇ ತಿಳಿಯುವುದು ಒಳ್ಳೆಯದು.

ಯೂಟಾದ ಜಯಾನ್ ಉದ್ಯಾನದ್ದು ಇನ್ನೊಂದು ಬಗೆ. ಅಲ್ಲಿಯ ಮೌಂಟ್ ಕಾರ್ಮೆಲ್ ಸುರಂಗ 1930ರಲ್ಲಿ ಮುಗಿದದ್ದು, ಒಂದು ಮೈಲಿಗಿಂತ ಸ್ವಲ್ಪ ಹೆಚ್ಚು ಉದ್ದ. ಆ ಕಾಲದ ಕಾರುಗಳ ಗಾತ್ರಕ್ಕೆ ಕೊರೆದ ಸುರಂಗದಲ್ಲಿ ಎತ್ತರದ ಗಾಡಿ ಹೋಗಬೇಕಾದರೆ ಕಮಾನಿನ ನಡುಭಾಗದಲ್ಲೇ, ಅಂದರೆ ನಡುಗೆರೆಯ ಮೇಲೆಯೇ ಹೋಗಬೇಕು. ಇಷ್ಟು ವರ್ಷ ಎದುರಿನ ಸಂಚಾರವನ್ನು ತಡೆದು ಶುಲ್ಕ ಪಡೆದು ದೊಡ್ಡ ಗಾಡಿಗಳನ್ನು ದಾಟಿಸುತ್ತಿದ್ದರು. ದೊಡ್ಡ ಗಾಡಿಗಳು ರಸ್ತೆಯ ಕಡಿದಾದ ತಿರುವುಗಳಲ್ಲಿ ಎದುರು ಪಥಕ್ಕೆ ನುಗ್ಗುತ್ತವೆ ಎಂಬ ಕಾರಣಕ್ಕೆ 2026ರ ಜೂನ್‌ನಿಂದ ಅವುಗಳಿಗೆ ಆ ದಾರಿಯನ್ನೇ ಮುಚ್ಚುವುದಾಗಿ ಉದ್ಯಾನದ ಆಡಳಿತ ಪ್ರಕಟಿಸಿತು. ಮಿತಿ ಹೀಗಿದೆ: ಒಂಟಿ ವಾಹನ 35 ಅಡಿ 9 ಇಂಚು, ಜೋಡಿಗೆ 50 ಅಡಿ, ಎತ್ತರ 11 ಅಡಿ 4 ಇಂಚು, ಅಗಲ 7 ಅಡಿ 10 ಇಂಚು. ಅಳಿಯನ ಗಾಡಿ ಉದ್ದದಲ್ಲಿ ಒಂದೇ ಇಂಚಿನ ಅಂತರದಲ್ಲಿ ಪಾರಾಯಿತು ಎಂದು ಮನೆಯವರೆಲ್ಲ ಖುಷಿಪಟ್ಟರು. ಅಗಲ ಎಂಟೂವರೆ ಅಡಿ ಎಂದು ನಾನು ನೆನಪಿಸಬೇಕಾಯಿತು. ಬಸ್ಸಿನ ಆಕಾರದ ಮೋಟಾರ್‌ಹೋಮ್‌ಗಳಲ್ಲಿ ಹೆಚ್ಚಿನವು ಅಷ್ಟು ಅಗಲದವೇ. ಹೀಗಾಗಿ ಗಾಡಿಯನ್ನು ಹೊರಗಿನ ಬಿಡಾರದಲ್ಲಿ ಬಿಟ್ಟು ಜೀಪಿನಲ್ಲಿ ಸುರಂಗ ದಾಟುವುದೆಂದು ಯೋಜನೆ ಬದಲಾಯಿತು. ಹಿಂದೆ ಜೀಪು ಕಟ್ಟಿಕೊಂಡು ಹೋಗುವುದರ ನಿಜವಾದ ಪ್ರಯೋಜನ ಇದೇ ಅಲ್ಲವೇ?

ಬಿಡಾರದ ಜಾಗ ಕಾಯ್ದಿರಿಸುವಾಗಲೂ ಅಲ್ಲಿ ಕೊಟ್ಟಿರುವ ಉದ್ದವನ್ನು ಓದಿ. 40 ಅಡಿ ಎಂದಿದ್ದರೆ ಜೀಪಿಗೆ ಜಾಗವಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬರುವ ಜಾಗ ಸಿಕ್ಕರೆ ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಹಿಡಿಯಿರಿ. ನಾಲ್ಕು ಚಕ್ರ ನೆಲದ ಮೇಲಿರುವ ಜೀಪನ್ನು ಕಟ್ಟಿಕೊಂಡು ಹಿಂದಕ್ಕೆ ಬರಲಾಗುವುದಿಲ್ಲ. ಟ್ರೇಲರನ್ನು ಹಿಮ್ಮುಖವಾಗಿ ತಳ್ಳುವ ಕಸರತ್ತು ನಮ್ಮ ಟ್ರ್ಯಾಕ್ಟರ್ ಚಾಲಕರಿಗೆ ಕರತಲಾಮಲಕ, ಆದರೆ ಅದು ಇಲ್ಲಿ ನಡೆಯದು. ಜೀಪಿನ ಮುಂದಿನ ಚಕ್ರಗಳು ತಮಗೆ ತೋಚಿದತ್ತ ತಿರುಗಿ ಟೋ ಬಾರ್ ಬಾಗುತ್ತದೆ. ಪೆಟ್ರೋಲ್ ಬಂಕಿಗೆ ನುಗ್ಗುವ ಮೊದಲು ಹೊರಹೋಗುವ ದಾರಿ ಕಣ್ಣಿಗೆ ಕಾಣುತ್ತಿರಬೇಕು. ಸಿಕ್ಕಿಕೊಂಡರೆ ಪಿನ್ ತೆಗೆದು ಜೀಪನ್ನು ಬಿಡಿಸಿ. ಅದಕ್ಕೆ ಹತ್ತು ನಿಮಿಷ ಸಾಕು, ಹಿಂದೆ ಹಾರ್ನ್ ಬಾರಿಸುವವರಿಗೆ ತಾಳ್ಮೆ ಇರಬೇಕಷ್ಟೆ.

ತಿರುವಿನಲ್ಲಿ ಎರಡು ಕಡೆ ಕಣ್ಣಿಡಬೇಕು. ಒಳಬದಿಯಲ್ಲಿ ಹಿಂದಿನ ಚಕ್ರಗಳು ಮುಂದಿನ ಚಕ್ರಗಳಿಗಿಂತ ಒಳಗೆ ಸರಿದು ಕಟ್ಟೆ ಹತ್ತುತ್ತವೆ, ಇದು ಎಲ್ಲರಿಗೂ ಗೊತ್ತು. ಹೊರಬದಿಯದ್ದು ಮರೆತುಹೋಗುತ್ತದೆ. ಹಿಂದಿನ ಅಚ್ಚಿನ ಆಚೆ ಚಾಚಿದ ಮೈ, ತಿರುಗಿಸಿದ ದಿಕ್ಕಿಗೆ ಎದುರಾಗಿ ಬೀಸುತ್ತದೆ. ಬಂಕಿನ ಪಂಪಿಗೆ ಆತುಕೊಂಡು ನಿಂತು ಒಮ್ಮೆಲೇ ಸ್ಟಿಯರಿಂಗ್ ತಿರುಗಿಸಿದವರ ಹಿಂಭಾಗ ಪಂಪಿಗೇ ಬಡಿಯುವುದು ಇದರಿಂದ. ಖಾಲಿ ಮೈದಾನದಲ್ಲಿ ಗಾಡಿಯ ಪಕ್ಕಕ್ಕೆ ಸರಿಯಾಗಿ ಒಂದು ಗೆರೆ ಎಳೆದು, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನಿಧಾನಕ್ಕೆ ಮುಂದೆ ಸಾಗಿಸಿ. ಹಿಂದಿನ ಮೂಲೆ ಗೆರೆಯ ಆಚೆಗೆ ಎಷ್ಟು ಹೋಯಿತು ಎಂದು ಇನ್ನೊಬ್ಬರು ಅಳೆಯಲಿ. ಆ ಅಂಕಿ ಚಾಲಕನ ತಲೆಯಲ್ಲಿ ಕೂತಿರಬೇಕು.

ಉಳಿದ ಕಾನೂನು ಚುಟುಕಾಗಿ. ಕ್ಯಾಲಿಫೋರ್ನಿಯಾದಲ್ಲಿ ಏನನ್ನಾದರೂ ಎಳೆಯುತ್ತಿರುವ ವಾಹನಕ್ಕೆ ಗಂಟೆಗೆ 55 ಮೈಲಿಯೇ ಗರಿಷ್ಠ, ಸುಮಾರು 88 ಕಿ.ಮೀ.; ಪಕ್ಕದ ಕಾರುಗಳು ಎಷ್ಟೇ ವೇಗವಾಗಿ ಹೋದರೂ ನೀವು ಬಲಬದಿಯ ಪಥ ಬಿಡಬಾರದು. ಎರಡು ಪಥದ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಹಿಂದೆ ಐದು ವಾಹನ ಸಾಲುಗಟ್ಟಿದರೆ ಜಾಗ ಸಿಕ್ಕಲ್ಲಿ ಬದಿಗೆ ಸರಿದು ದಾರಿ ಬಿಡಬೇಕು, ಇದು ಅಲ್ಲಿ ಸೌಜನ್ಯವಲ್ಲ, ಕಾಯ್ದೆ. 40 ಅಡಿ ಮೀರಿದ ಮೋಟಾರ್‌ಹೋಮ್ ಓಡಿಸಲು ಆ ರಾಜ್ಯದವರಿಗೆ ಬಿ ವರ್ಗದ ವಾಣಿಜ್ಯೇತರ ಲೈಸೆನ್ಸ್ ಬೇಕು. ಸುರಕ್ಷತಾ ಸರಪಳಿ, ಜೀಪಿನ ಹಿಂದೆ ಬೆಳಗುವ ಬ್ರೇಕ್ ದೀಪ, ತಿರುವಿನ ದೀಪ ಇವಕ್ಕೆ ವಿನಾಯಿತಿ ಇಲ್ಲ. ಯುರೋಪಿನಲ್ಲಿ ಮಗನಿದ್ದರೆ ಅಂಕಿಗಳು ಬೇರೆ: ಒಂಟಿ ವಾಹನ 12 ಮೀಟರ್, ಟ್ರೇಲರ್ ಸೇರಿ 18.75 ಮೀಟರ್.

ಇಷ್ಟೆಲ್ಲ ಕೇಳಿದ ಗೆಳೆಯರೊಬ್ಬರು, ನಾವೂ ಒಂದು ಹಳೆಯ ಮಿನಿ ಬಸ್ಸನ್ನು ಮನೆಯಾಗಿಸಿ ಹಿಂದೆ ಜೀಪು ಕಟ್ಟಿಕೊಂಡು ಗೋಕರ್ಣಕ್ಕೆ ಹೋದರೆ ಹೇಗೆ ಎಂದರು. ಮಿನಿ ಬಸ್ಸಿನ ಮಾತು ಸರಿ, ಒಳಗಿನ ಬದಲಾವಣೆಯನ್ನು ಆರ್‌ಟಿಒ ಕಚೇರಿಯಲ್ಲಿ ನೋಂದಣಿ ಪತ್ರಕ್ಕೆ ಸೇರಿಸಿಕೊಳ್ಳಬೇಕು. ಜೀಪು ಮಾತ್ರ ಆಗದು. ನಮ್ಮಲ್ಲಿ ಕೆಟ್ಟು ನಿಂತ ವಾಹನವನ್ನು ಗ್ಯಾರೇಜಿಗೆ ಎಳೆಯಬಹುದು, ನೋಂದಾಯಿತ ಟ್ರೇಲರನ್ನು ಎಳೆಯಬಹುದು. ಚೆನ್ನಾಗಿರುವ ಜೀಪನ್ನು ಸುಮ್ಮನೆ ಕಟ್ಟಿಕೊಂಡು ತಿರುಗುವಂತಿಲ್ಲ. ಕೆಟ್ಟದ್ದನ್ನು ಎಳೆಯುವಾಗಲೂ ಎರಡರ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ಎಳೆಸಿಕೊಳ್ಳುವ ವಾಹನದಲ್ಲಿ ಲೈಸೆನ್ಸ್ ಇರುವ ಚಾಲಕ ಕೂತಿರಬೇಕು, ಹಿಂದೆ ಎಳೆಯಲಾಗುತ್ತಿದೆ ಎಂಬ ಫಲಕ ಇರಬೇಕು. ಹಾಗಾದರೆ ನೀವು ಬಸ್ಸಿನಲ್ಲಿ ಬನ್ನಿ, ನಾನು ಜೀಪು ಓಡಿಸಿಕೊಂಡು ಹಿಂದೆ ಬರುತ್ತೇನೆ ಎಂದರು ಅವರು. ಅದಕ್ಕೆ ಯಾವ ನಿಯಮದ ಅಡ್ಡಿಯೂ ಇಲ್ಲ.