ಗಾಜಿನ ಒಲೆ: ಉಜ್ಜುವ ಮೊದಲು ಕಲೆ ಯಾವುದು ನೋಡಿ

ಅಷ್ಟೊಂದು ಬಿಸಿ ತಡೆದುಕೊಳ್ಳುವ ಗಾಜು ಒಂದು ಸ್ಟೀಲ್ ನಾರಿಗೆ ಸೋತುಬಿಡುತ್ತದೆ. ಎಲೆಕ್ಟ್ರಿಕ್ ಮತ್ತು ಇಂಡಕ್ಷನ್ ಒಲೆಗಳ ಮೇಲಿರುವುದು ಸಾಮಾನ್ಯವಾಗಿ ಗ್ಲಾಸ್ ಸೆರಾಮಿಕ್. ಬಿಸಿಯಾದರೂ ಅದು ಹಿಗ್ಗುವುದು ತೀರಾ ಕಡಿಮೆ. ಹಾಗಾಗಿ ಶಾಖಕ್ಕೆ ಸುಲಭವಾಗಿ ಬಿರುಕು ಬಿಡುವುದಿಲ್ಲ. ಗೀರು ಮಾತ್ರ ಬೀಳುತ್ತದೆ, ಬಿದ್ದದ್ದು ಹೋಗುವುದಿಲ್ಲ.

ದಿನದ ಕೆಲಸ ಸುಲಭ. ಒಲೆ ಆರಿಸಿ, 'ಇನ್ನೂ ಬಿಸಿಯಿದೆ' ಎನ್ನುವ ದೀಪ ಆರುವವರೆಗೆ ಕಾಯಿರಿ. ಮೆತ್ತನೆಯ ಒದ್ದೆ ಬಟ್ಟೆಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒರೆಸಿ. ಮತ್ತೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಸೋಪಿನ ಪಸೆ ಉಳಿದರೆ ಮುಂದಿನ ಸಲ ಅದೇ ಸೀದು ಕಲೆಯಾಗುತ್ತದೆ.

ಸೀದು ಅಂಟಿದ್ದರೆ ತಣ್ಣಗಾದ ಒಲೆಯ ಮೇಲೆ ಅಡುಗೆ ಸೋಡಾ ಉದುರಿಸಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಮುಚ್ಚಿ. 15–20 ನಿಮಿಷ ಸುಮ್ನೆ ಬಿಡಿ. ಮುಕ್ಕಾಲು ಕೆಲಸ ನೆನೆಯುವುದರಲ್ಲೇ ಆಗುತ್ತದೆ. ಆಮೇಲೂ ಉಳಿದದ್ದಕ್ಕೆ ಬ್ಲೇಡಿನ ಸ್ಕ್ರೇಪರ್. ಗಾಜಿಗೆ ಬ್ಲೇಡಾ ಎಂದು ಹೆದರಬೇಡಿ. ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು ಮುಂದಕ್ಕೆ ತಳ್ಳಿ. ಬ್ಲೇಡಿನ ಮೂಲೆ ತಾಗಬಾರದು, ತುಕ್ಕು ಹಿಡಿದದ್ದಂತೂ ಬೇಡವೇ ಬೇಡ.

ಸಕ್ಕರೆ ಚೆಲ್ಲಿದರೆ ಮಾತ್ರ ಕಾಯುವಂತಿಲ್ಲ. ಪಾಕ ತಣ್ಣಗಾಗುತ್ತಾ ಗಾಜನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಕಿತ್ತಾಗ ಗಾಜಿನ ಚೂರೂ ಜೊತೆಗೇ ಬಂದು ಗುಳಿ ಬೀಳುತ್ತದೆ. ಒಲೆ ಆರಿಸಿ, ಪಾತ್ರೆ ಎತ್ತಿ. ದಪ್ಪ ಕೈಗವಸು ಹಾಕಿಕೊಂಡು, ಬಿಸಿಯಿರುವಾಗಲೇ ಸ್ಕ್ರೇಪರ್‌ನಿಂದ ಅದನ್ನು ತಣ್ಣಗಿರುವ ಕಡೆಗೆ ಸರಿಸಿ. ಕರಗಿದ ಪ್ಲಾಸ್ಟಿಕ್ಕಿಗೂ ಇದೇ ಉಪಾಯ.

ಬೂದು ಬಣ್ಣದ ಗೆರೆ ಕಂಡರೆ ಉಗುರಾಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಅದು ಗೀರು. ಇಲ್ಲದಿದ್ದರೆ ಅಲ್ಯೂಮಿನಿಯಂ ಅಥವಾ ತಾಮ್ರದ ತಳ ಉಜ್ಜಿ ಬಿಟ್ಟ ಗುರುತಿರಬಹುದು. ಗಾಜಿನ ಒಲೆಗೆಂದೇ ಸಿಗುವ ಕ್ಲೀನಿಂಗ್ ಕ್ರೀಮ್ ಹಚ್ಚಿ ತಿಕ್ಕಿ. ಗಡಸು ನೀರಿನ ಬಿಳಿ ಕಲೆಗೆ ಬಿಳಿ ವಿನೆಗರ್ ಸಾಕು. ಅಮೋನಿಯಾ ಇರುವ ಕಿಟಕಿ ಕ್ಲೀನರ್, ಬ್ಲೀಚ್ ಎರಡೂ ಬೇಡ.

ಪಾತ್ರೆಯ ತಳ ಒರೆಸಿಯೇ ಇಡಿ, ಎಳೆಯಬೇಡಿ, ಎತ್ತಿ. ತಳಕ್ಕೆ ಅಂಟಿದ ಒಂದು ಮರಳಿನ ಕಣ ಸಾಕು ಗೀರಲು. ಬಿರುಕು ಕಂಡರಂತೂ ಒದ್ದೆ ಬಟ್ಟೆ ಹತ್ತಿರಕ್ಕೂ ತರಬೇಡಿ. ನೀರು ಒಳಗಿಳಿದು ಶಾಕ್ ಹೊಡೆಯಬಹುದು. ಮೇನ್ ಸ್ವಿಚ್ ಆರಿಸಿ, ರಿಪೇರಿಯವರನ್ನು ಕರೆಯಿರಿ.