ತೀರ್ಪು ಕಡೆಗೆ, ಸಾಕ್ಷಿ ಮೊದಲು

ಜೀವಾವಧಿ ಶಿಕ್ಷೆಯ ಕಡತ ಬಂದರೆ ತೀರ್ಪನ್ನು ನಾನು ಕಡೆಗೆ ಓದುತ್ತೇನೆ. ಸೆಷನ್ಸ್ ನ್ಯಾಯಾಧೀಶರು ಹೇಳಿದ ಕಥೆ ಒಮ್ಮೆ ತಲೆಗೆ ಹೊಕ್ಕಿತೆಂದರೆ ಸಾಕ್ಷಿಗಳ ಮಾತೆಲ್ಲ ಅದಕ್ಕೇ ಒಗ್ಗಿಕೊಂಡಂತೆ ಕಾಣುತ್ತದೆ. ಮೊದಲು ಎಫ್‌ಐಆರ್, ಆಮೇಲೆ ಪಂಚನಾಮೆ, ಪಾಟೀಸವಾಲು, ಆರೋಪಿಯ 313ರ ಹೇಳಿಕೆ, ಅಂದರೆ ತನ್ನ ವಿರುದ್ಧ ಬಂದ ಸಾಕ್ಷ್ಯಕ್ಕೆ ಅವನ ವಿವರಣೆ ಕೇಳಿ ಕೋರ್ಟು ಬರೆದುಕೊಳ್ಳುವುದು (313 ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ, ಸಿಆರ್‌ಪಿಸಿಯ, ಕಲಮು). ಹೈಕೋರ್ಟಿನ ಧಾರವಾಡ ಪೀಠದಲ್ಲಿ ಕ್ರಿಮಿನಲ್ ಅಪೀಲು ನಡೆಸುತ್ತ ಬೆಳೆದ ಅಭ್ಯಾಸ ಇದು.

ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ಹುಡುಗನೊಬ್ಬನ ಕೊಲೆ ಕೇಸು ಕಾನೂನು ಸೇವಾ ಸಮಿತಿಯಿಂದ ನನಗೆ ಬಂತು. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮೇ ಹೇಳುತ್ತದೆ, ಎಷ್ಟೋ ಮನೆಗಳಿಗೆ ಇದು ಗೊತ್ತಿರುವುದಿಲ್ಲ. ಹೈಕೋರ್ಟಿಗೆ ಅಪೀಲು ಹಾಕಲು ಇರುವ 60 ದಿನ ಮುಗಿದಿತ್ತು. ನಕಲು ಪಡೆಯಲು ಹಿಡಿದ ದಿನಗಳನ್ನು ಕಳೆದು, ಉಳಿದ ತಡಕ್ಕೆ ಮನ್ನಾ ಅರ್ಜಿ ಹಾಕಿದೆ, ತಕರಾರಿಲ್ಲದೆ ಮಂಜೂರಾಯಿತು.

ತಾಯಿಯ ಭಯ ಬೇರೆಯೇ ಇತ್ತು. “ಅಪೀಲ್ ಹಾಕಿದ್ರ ಶಿಕ್ಷಾ ಹೆಚ್ಚಾಗತೈತಂತಲ್ರೀ ಸಾಹೇಬ್ರ?” ಇಲ್ಲ ಅವ್ವಾ ಅಂದೆ. ಆರೋಪಿ ಹಾಕಿಕೊಂಡ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ. ಸರ್ಕಾರವೇ ಬೇರೆ ಅಪೀಲು ಹಾಕಿದರೆ ಆ ಮಾತು ಬೇರೆ. ಇಲ್ಲಿ ಹಾಕಿರಲಿಲ್ಲ.

ಅಪೀಲು ಮುಗಿಯುವವರೆಗೆ ಶಿಕ್ಷೆ ಅಮಾನತಿನಲ್ಲಿಟ್ಟು ಹುಡುಗನನ್ನು ಹೊರಗೆ ಬಿಡಿ ಎಂದೂ ಅರ್ಜಿ ಕೊಟ್ಟೆ. ಅಪೀಲು ಬೇಗ ಕೇಳಲಾಗದಿದ್ದರೆ ಆರೋಪಿಯನ್ನು ಸುಮ್ಮನೆ ಒಳಗಿಡುವುದು ಸರಿಯಲ್ಲ ಎಂಬ 1977ರ ಕಾಶ್ಮೀರಾ ಸಿಂಗ್ ತೀರ್ಪನ್ನು ಮುಂದಿಟ್ಟೆ. ಅರ್ಜಿ ವಜಾ ಆಯಿತು, ಆದರೆ ಅಪೀಲನ್ನೇ ಬೇಗ ಕೇಳುತ್ತೇವೆ ಅಂದರು. ಜೀವಾವಧಿ ಕೇಸಿನಲ್ಲಿ ಇಷ್ಟು ಸಿಕ್ಕರೂ ಲಾಭವೇ.

ಇನ್ನು ಕಡತ. ಕಣ್ಣಾರೆ ಕಂಡವರಿಲ್ಲ. ಸತ್ತವನ ಜೊತೆ ಇವನನ್ನು ಸಂಜೆ ನೋಡಿದೆ ಎನ್ನುವ ಒಬ್ಬ ಸಾಕ್ಷಿ, ಕಬ್ಬಿನ ಹೊಲದಿಂದ ಇವನೇ ತೆಗೆದುಕೊಟ್ಟ ಎನ್ನುವ ಒಂದು ಕುಡಗೋಲು. ಕುಡಗೋಲು ಸಿಕ್ಕ ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚ, ಮುಖ್ಯ ವಿಚಾರಣೆಯಲ್ಲಿ ಹೊಲಕ್ಕೆ ಹೋಗಿದ್ದೆವು ಅಂದಿದ್ದ. ಪಾಟೀಸವಾಲಿನ ಕೊನೆಯಲ್ಲಿ ಒಂದು ಸಾಲು: “ಪಂಚನಾಮೆಗೆ ನಾನು ಠಾಣೆಯಲ್ಲಿ ಸಹಿ ಮಾಡಿದ್ದೇನೆ ಎಂದರೆ ಸರಿ.” ಅದಾದ ಮೇಲೆ ಸರ್ಕಾರಿ ಅಭಿಯೋಜಕರು ಅವನನ್ನು ಮತ್ತೆ ಪ್ರಶ್ನಿಸಿರಲಿಲ್ಲ. ತೀರ್ಪಿನಲ್ಲಿ ಆ ಸಾಲಿನ ಸುದ್ದಿಯೇ ಇಲ್ಲ.

313ರ ಹೇಳಿಕೆಯಲ್ಲಿ ಇನ್ನೊಂದು ಸಿಕ್ಕಿತು. ಕುಡಗೋಲಿನ ಮೇಲಿದ್ದುದು ಸತ್ತವನ ಗುಂಪಿನದೇ ರಕ್ತ ಎಂದು ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ. ಶಿಕ್ಷೆ ನಿಂತದ್ದೇ ಅದರ ಮೇಲೆ. ಹುಡುಗನಿಗೆ ಕೇಳಿದ ಪ್ರಶ್ನೆಗಳಲ್ಲಿ ಮಾತ್ರ ರಕ್ತದ ಮಾತೇ ಇರಲಿಲ್ಲ. ವಿವರಣೆ ಕೇಳದ ಸಂಗತಿಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೊಸಬರು ಇಂಥದ್ದು ಸಿಕ್ಕ ಕೂಡಲೇ ಗೆದ್ದೆವು ಅಂದುಕೊಳ್ಳುತ್ತಾರೆ. ಅದರಿಂದ ಆರೋಪಿಗೆ ಏನು ಧಕ್ಕೆಯಾಯಿತು ತೋರಿಸಿ ಎಂದು ಪೀಠ ಕೇಳುತ್ತದೆ, ಪ್ರಶ್ನೆ ಕೇಳಿ ಮುಗಿಸಿ ಎಂದು ಕೇಸನ್ನು ಕೆಳಗೆ ವಾಪಸು ಕಳಿಸಲೂಬಹುದು. ಹಾಗಾಗಿ ವಾದ ಶುರು ಮಾಡಿದ್ದು ಪಂಚನ ಸಾಲಿನಿಂದ. ಕುಡಗೋಲು ಇವನಿಂದ ಬಂತು ಅನ್ನುವುದೇ ಬಿದ್ದರೆ ಅದರ ಮೇಲಿನ ರಕ್ತ ಇವನನ್ನು ಮುಟ್ಟುವುದಿಲ್ಲ. 313ರ ಲೋಪ ಎರಡನೆಯದಾಗಿ ಬಂತು, ಸಂಜೆ ನೋಡಿದವನ ಮಾತನ್ನು ಕಡೆಗಿಟ್ಟೆ. ಒಟ್ಟಿಗಿದ್ದ ಹೊತ್ತಿಗೂ ಸಾವಿಗೂ ನಡುವೆ ಇಡೀ ರಾತ್ರಿ ಇತ್ತು.

ಶಿಕ್ಷೆ ರದ್ದಾಯಿತು. ಆದರೂ ಹುಡುಗ ತಕ್ಷಣ ಹೊರಗೆ ಬರುವುದಿಲ್ಲ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋದರೆ ಹಾಜರಾಗುತ್ತೇನೆ ಎಂದು ಜಾಮೀನುದಾರರ ಸಮೇತ ಆರು ತಿಂಗಳ ಮುಚ್ಚಳಿಕೆ ಬರೆದುಕೊಡಬೇಕು; ಆಗ ಸಿಆರ್‌ಪಿಸಿಯ 437ಎ ಕಲಮು, ಈಗ ಅದರ ಬದಲಿಗೆ ಬಂದಿರುವ ಬಿಎನ್‌ಎಸ್‌ಎಸ್‌ನಲ್ಲಿ 481. “ಬಿಡುಗಡೆ ಆತಲ್ರೀ, ಮತ್ಯಾಕ ಜಾಮೀನು?” ಅಂದಳು ತಾಯಿ. ಇದನ್ನು ವಿವರಿಸುವುದು ಪೀಠದ ಮುಂದೆ ವಾದಿಸುವುದಕ್ಕಿಂತ ಕಷ್ಟ. ಸೋದರಮಾವನ ಪಹಣಿ, ಆಧಾರ್ ನಕಲು ಮೊದಲೇ ತರಿಸಿಟ್ಟಿದ್ದರಿಂದ ಆ ಕೆಲಸ ಅಲ್ಲಿಗೇ ನಿಲ್ಲಲಿಲ್ಲ.