ಹಳೆ ಫ್ರಿಜ್‌ಗೆ ಗ್ಯಾಸ್: ಗೇಜ್ ನೋಡಿ ಅಲ್ಲ, ತೂಕ ನೋಡಿ ತುಂಬಿ

ಫ್ರಿಜ್‌ನ ಗ್ಯಾಸ್ ಓಡಿದಷ್ಟೂ ಖರ್ಚಾಗುವಂಥದ್ದಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಆ ಜಾಗ ಮುಚ್ಚದೆ ತುಂಬಿದ್ದೂ ಅದೇ ದಾರಿ ಹಿಡಿಯುತ್ತದೆ.

ಮೊದಲು ಸ್ಟಿಕರ್ ಓದಿ. ಆರ್-600ಎ ಎಂದಿದ್ದರೆ ಕೈ ಹಾಕಬೇಡಿ. ಅದು ಐಸೋಬ್ಯೂಟೇನ್, ಗಾಳಿಯಲ್ಲಿ ಶೇ. 1.8ರಷ್ಟು ಬೆರೆತರೂ ಹೊತ್ತಿಕೊಳ್ಳುತ್ತದೆ. ಇಲ್ಲಿ ಹೇಳುವುದು ಆರ್-134ಎ ಇರುವ ಸಿಂಗಲ್ ಡೋರ್ ಫ್ರಿಜ್‌ಗೆ ಮಾತ್ರ. ರಿಲೇ (ಕಂಪ್ರೆಸರ್ ಚಾಲೂ ಮಾಡುವ ಭಾಗ), ಥರ್ಮೋಸ್ಟಾಟ್ ಸರಿಯಿವೆಯೇ ಎಂದೂ ನೋಡಿಕೊಳ್ಳಿ. ಎಷ್ಟೋ ಸಲ ತಪ್ಪು ಗ್ಯಾಸಿನದ್ದಾಗಿರುವುದೇ ಇಲ್ಲ.

ಉಳಿದ ಗ್ಯಾಸನ್ನು ಗಾಳಿಗೆ ಬಿಡಬೇಡಿ, ರಿಕವರಿ ಯಂತ್ರ ಇರುವವರಿಂದ ತೆಗೆಸಿ. ಕಿಟಕಿ ತೆರೆದಿಟ್ಟು, ಕಂಪ್ರೆಸರ್‌ನ ಚಾರ್ಜಿಂಗ್ ಟ್ಯೂಬ್ ಕತ್ತರಿಸಿ ಕಾಲಿಂಚಿನ ಸರ್ವೀಸ್ ವಾಲ್ವ್ ಬ್ರೇಜ್ ಮಾಡಿ. ಬೆಸುಗೆ ಹಾಕುವಾಗ ವಾಲ್ವ್‌ನ ಒಳಪಿನ್ ಹೊರಗಿರಲಿ, ಇಲ್ಲದಿದ್ದರೆ ಅದರ ರಬ್ಬರ್ ಸುಟ್ಟುಹೋಗುತ್ತದೆ.

ಸಿಸ್ಟಮ್ ತೆರೆದ ಮೇಲೆ ಡ್ರೈಯರ್ (ತೇವ ಹೀರುವ ಫಿಲ್ಟರ್) ಹೊಸದೇ ಆಗಬೇಕು. ಕ್ಯಾಪಿಲರಿಯನ್ನು, ಅಂದರೆ ಡ್ರೈಯರ್‌ನಿಂದ ಫ್ರೀಜರ್ ಕಡೆಗೆ ಹೋಗುವ ಸಪೂರ ಕೊಳವೆಯನ್ನು, ಕಟರ್‌ನಿಂದ ಕತ್ತರಿಸಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಅರದಿಂದ ಸುತ್ತ ಗೀರಿ, ಬಗ್ಗಿಸಿ ಮುರಿಯಿರಿ. ಡ್ರೈಯರ್ ಒಳಗೆ ಸುಮಾರು 1 ಸೆಂ.ಮೀ. ಹೋಗಲಿ, ಜಾಲರಿಗೆ ತಾಗಬಾರದು. ಕ್ಯಾಪಿಲರಿ ಇರುವ ತುದಿ ಕೆಳಮುಖವಾಗಿರಲಿ.

ನಂತರ ರೆಗ್ಯುಲೇಟರ್ ಮೂಲಕ 150 ಪಿಎಸ್‌ಐ ಒಣ ನೈಟ್ರೋಜನ್ ತುಂಬಿ, ಪ್ರತಿ ಬೆಸುಗೆಗೂ ಸೋಪಿನ ನೀರು ಹಚ್ಚಿ. ಆಮ್ಲಜನಕ ಎಂದಿಗೂ ಬೇಡ, ಕಂಪ್ರೆಸರ್ ಒಳಗಿನ ಎಣ್ಣೆ ಜೊತೆ ಸೇರಿದರೆ ಸ್ಫೋಟವಾಗುತ್ತದೆ.

ಸೋರಿಕೆ ಇಲ್ಲವೆಂದಾದರೆ ನೈಟ್ರೋಜನ್ ಹೊರಬಿಟ್ಟು, ಮೀಟರ್ 500 ಮೈಕ್ರಾನ್ (ಒಳಗೆ ಉಳಿದ ಒತ್ತಡದ ಅಳತೆ)‌ಗೆ ಇಳಿಯುವವರೆಗೆ ವ್ಯಾಕ್ಯೂಮ್ ಮಾಡಿ. ಕಂಪ್ರೆಸರ್‌ನ ಎಣ್ಣೆ ತೇವವನ್ನು ಬೇಗ ಹೀರುತ್ತದೆ, ಹಾಗಾಗಿ ಇಲ್ಲಿ ಆತುರ ಸಲ್ಲದು. ಪಂಪ್ ಕಡೆಯ ವಾಲ್ವ್ ಮುಚ್ಚಿ 15 ನಿಮಿಷ ಮೀಟರ್ ಗಮನಿಸಿ. ಸ್ವಲ್ಪ ಏರಿ ನಿಂತರೆ ಒಳಗೆ ತೇವವಿದೆ, ಪಂಪ್ ಮುಂದುವರಿಸಿ. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. ತೇವ ಉಳಿದರೆ ಕ್ಯಾಪಿಲರಿ ತುದಿಯಲ್ಲಿ ಮಂಜಾಗಿ ಕಟ್ಟಿಕೊಳ್ಳುತ್ತದೆ: ಫ್ರಿಜ್ ತಣ್ಣಗಾಗುತ್ತದೆ, ನಿಲ್ಲುತ್ತದೆ, ಮಂಜು ಕರಗಿದರೆ ಮತ್ತೆ ಸರಿಹೋಗುತ್ತದೆ.

ಸಿಲಿಂಡರನ್ನು 1 ಗ್ರಾಂ ತೋರಿಸುವ ತಕ್ಕಡಿಯ ಮೇಲಿಟ್ಟು, ಹೋಸ್‌ನ ಗಾಳಿಯನ್ನೂ ತೆಗೆದು, ತೂಕ ಸೊನ್ನೆ ಮಾಡಿ. ಸಿಲಿಂಡರ್ ನೇರವಾಗಿರಲಿ, ಆವಿ ಮಾತ್ರ ಒಳಹೋಗಬೇಕು, ದ್ರವ ಹೋದರೆ ಕಂಪ್ರೆಸರ್‌ನ ವಾಲ್ವ್ ಮುರಿಯಬಹುದು. ಸ್ಟಿಕರ್‌ನಲ್ಲಿ 90 ಗ್ರಾಂ ಇದ್ದರೆ 90. ಕ್ಯಾಪಿಲರಿ ಸಿಸ್ಟಮ್‌ನಲ್ಲಿ ಹೆಚ್ಚುವರಿ ಗ್ಯಾಸ್ ಹಿಡಿದಿಡಲು ಜಾಗವಿಲ್ಲ, 10 ಗ್ರಾಂ ಹೆಚ್ಚುಕಡಿಮೆಯಾದರೂ ಗೊತ್ತಾಗುತ್ತದೆ.

ಫ್ರಿಜ್ ಓಡಿ ತಣ್ಣಗಾದ ಮೇಲೆ ಸಕ್ಷನ್ (ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಬದಿಯ) ಒತ್ತಡ ಸಾಮಾನ್ಯವಾಗಿ 0–2 ಪಿಎಸ್‌ಐ. ಫ್ರೀಜರ್‌ನ ಒಂದೇ ಬದಿ ಮಂಜು ಕಟ್ಟಿದರೆ ಗ್ಯಾಸ್ ಕಡಿಮೆ. ಸಕ್ಷನ್ ಪೈಪ್ ಮೇಲೆ ಮಂಜು ಕಂಪ್ರೆಸರ್‌ವರೆಗೆ ಬಂದರೆ ಜಾಸ್ತಿ. ಎಲ್ಲ ಸರಿಯಿದ್ದರೆ ಹೋಸ್ ಬಿಚ್ಚಿ, ವಾಲ್ವ್‌ಗೆ ಹಿತ್ತಾಳೆ ಕ್ಯಾಪ್ ಬಿಗಿದು, ಅಲ್ಲೂ ಒಮ್ಮೆ ಸೋಪಿನ ನೀರು ಹಚ್ಚಿ ನೋಡಿ.